ಡಿವೈಸ್ ಟ್ರೀ ಫೈಲುಗಳ ವರ್ಗೀಕರಣ: ಒಂದು ಐತಿಹಾಸಿಕ ಪರಿಶೀಲನೆ

ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಪಿಸಿಐ ಮಾರ್ಗಕ್ಕೆ ಸೇರಿದ ಉಪಕರಣಗಳು ತಮ್ಮ ಪರಿಚಯವನ್ನು ತಾವೇ ಹೇಳಿಕೊಳ್ಳುತ್ತವೆ. ಆದರೆ ಅಂಗೈಯಗಲದ ಎಂಬೆಡೆಡ್ ಬೋರ್ಡಿನಲ್ಲಿ, ಚಿಪ್ಪಿನೊಳಗೆ ಹುದುಗಿರುವ ಸೀರಿಯಲ್ ಪೋರ್ಟು, ಟೈಮರು ಮೊದಲಾದುವು ಹಾಗೆ ಮಾತನಾಡಲಾರವಾದುದರಿಂದ, ಯಾವುದು ಯಾವ ವಿಳಾಸದಲ್ಲಿದೆ, ಯಾವ ಪಿನ್ನು ಯಾವ ಕಾರ್ಯಕ್ಕೆ ಮೀಸಲು ಎಂಬುದನ್ನು ಯಾರಾದರೂ ಮೊದಲೇ ಬರೆದಿಟ್ಟಿರಬೇಕಾಗುತ್ತದೆ. ಆ ಬರೆಹವೇ ಡಿವೈಸ್ ಟ್ರೀ. ಲಿನಕ್ಸ್ ಕರ್ನೆಲ್ಲಿನಲ್ಲಿ ಇಂತಹ ಬರೆಹಗಳನ್ನು ಜೋಡಿಸಿಟ್ಟ ಕ್ರಮವು ಹೇಗೆ ರೂಪುಗೊಂಡಿತೆಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲುದ್ದೇಶಿಸಿದೆ.

ಈ ಕಲ್ಪನೆಯ ಮೂಲವು ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯ ಓಪನ್ ಬೂಟ್ ಎಂಬ ವ್ಯವಸ್ಥೆಯಲ್ಲಿದೆ. 1994ರಲ್ಲಿ ಅದು ಐಇಇಇ 1275 ಎಂಬ ಮಾನಕವಾಗಿ ಸ್ಥಿರಪಟ್ಟಿತು. ಅಲ್ಲಿ ಯಂತ್ರದ ಫರ್ಮ್‌ವೇರೇ ವೃಕ್ಷವನ್ನು ಕಟ್ಟಿ ಕಾರ್ಯಾಚರಣ ವ್ಯವಸ್ಥೆಗೆ ಒಪ್ಪಿಸುತ್ತಿತ್ತು. ಅಂತಹ ಫರ್ಮ್‌ವೇರನ್ನು ಹೊರಲಾರದ ಸಣ್ಣ ಪವರ್‌ಪಿಸಿ ಬೋರ್ಡುಗಳಿಗೂ ಅದೇ ಸೌಕರ್ಯವನ್ನು ಒದಗಿಸಬೇಕೆಂದು 2005ರ ಸುಮಾರಿಗೆ ಬೆಂಜಮಿನ್ ಹೆರೆನ್‌ಶ್ಮಿಟ್ ವೃಕ್ಷವನ್ನು ಒಂದೇ ದತ್ತಾಂಶಖಂಡವಾಗಿ ಚಪ್ಪಟೆಗೊಳಿಸುವ ವಿಧಾನವನ್ನು ರೂಪಿಸಿದರು. ಮನುಷ್ಯರು ಓದಬಲ್ಲ ಮೂಲಬರೆಹವನ್ನು ಆ ಖಂಡವಾಗಿ ಪರಿವರ್ತಿಸುವ ಕಂಪೈಲರನ್ನು ಡೇವಿಡ್ ಗಿಬ್ಸನ್ ರಚಿಸಿದರು. ಯಂತ್ರವರ್ಣನೆಯು ಹೀಗೆ ಫೈಲಿನ ರೂಪವನ್ನು ತಾಳಿದ ಮೇಲೆಯೇ ಅದನ್ನು ಎಲ್ಲಿಡಬೇಕೆಂಬ ಪ್ರಶ್ನೆಗೆ ಅರ್ಥ ಬಂದುದು.

ಪ್ರಶ್ನೆ ಉಲ್ಬಣಿಸಿದುದು ಆರ್ಮ್ ಪ್ರೊಸೆಸರುಗಳ ಪ್ರಪಂಚದಲ್ಲಿ. ಅಲ್ಲಿ ಪ್ರತಿಯೊಂದು ಬೋರ್ಡಿಗೂ ಒಂದು ನೋಂದಣಿ ಸಂಖ್ಯೆಯೂ ಸಿ ಭಾಷೆಯಲ್ಲಿ ಬರೆದ ಒಂದು ಫೈಲೂ ಇರುತ್ತಿದ್ದುವು. ಹೊಸ ಬೋರ್ಡು ಬಂದಂತೆಲ್ಲ, ಹಳೆಯದರ ನಕಲನ್ನೇ ಅಲ್ಪಸ್ವಲ್ಪ ತಿದ್ದಿದ ಇನ್ನೊಂದು ಫೈಲು ಕರ್ನೆಲ್ಲಿಗೆ ಸೇರುತ್ತಿತ್ತು. 2011ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಈ ಅತಿವೃದ್ಧಿಯನ್ನು ಕಟುವಾಗಿ ಖಂಡಿಸಿದ ತರುವಾಯ, ಗ್ರಾಂಟ್ ಲೈಕ್ಲಿಯವರು ಎಲ್ಲ ಪ್ರೊಸೆಸರ್ ವಿನ್ಯಾಸಗಳಿಗೂ ಸಮಾನವಾಗುವಂತೆ ಸಿದ್ಧಪಡಿಸುತ್ತಿದ್ದ ಡಿವೈಸ್ ಟ್ರೀ ಪದ್ಧತಿಯು ಆರ್ಮ್‌ನಲ್ಲಿ ವೇಗವಾಗಿ ನೆಲೆಗೊಂಡಿತು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಸಿ ಫೈಲುಗಳ ಬದಲು ವರ್ಣನೆಯ ಫೈಲುಗಳನ್ನು ರಾಶಿಹಾಕಿದ್ದರೆ ರೋಗ ತೀರುತ್ತಿರಲಿಲ್ಲ; ತೀರಿದುದು, ಚಿಪ್ಪಿಗೆ ಸೇರಿದುದನ್ನೂ ಬೋರ್ಡಿಗೆ ಸೇರಿದುದನ್ನೂ ಬೇರ್ಪಡಿಸಿದ ವಿವೇಕದಿಂದ. ಬೀಗಲ್‌ಬೋನ್ ಬೋರ್ಡುಗಳನ್ನು ನಿದರ್ಶನವಾಗಿ ನೋಡಬಹುದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಎಎಂ335ಎಕ್ಸ್ ಚಿಪ್ಪಿನೊಳಗೆ ಏನೇನಿದೆಯೆಂಬುದೆಲ್ಲವೂ, ಬೋರ್ಡಿನ ಡಿಟಿಎಸ್ ಫೈಲು ತನ್ನೊಳಗೆ ಸೇರಿಸಿಕೊಳ್ಳುವ ಡಿಟಿಎಸ್‌ಐ ಫೈಲುಗಳಲ್ಲಿದೆ. ಅಲ್ಲಿ, ಬೋರ್ಡಿನ ಮೇಲೆ ಬಳಕೆಗೆ ಬರಬಹುದಾದ, ಬಾರದಿರಬಹುದಾದ ಘಟಕಗಳನ್ನು 'ನಿಷ್ಕ್ರಿಯ' ಎಂದು ಗುರುತಿಸಿಡುವುದು ರೂಢಿ. 2011ರ ಬೀಗಲ್‌ಬೋನಿಗೂ 2013ರ ಬೀಗಲ್‌ಬೋನ್ ಬ್ಲ್ಯಾಕಿಗೂ ಸಮಾನವಾದ ಅಂಶಗಳು ಎರಡನೆಯ ಪದರದ ಫೈಲಿಗೆ ಬಂದುವು. ಬ್ಲ್ಯಾಕಿನಲ್ಲಿ ಹೊಸತಾಗಿ ಸೇರಿದ ಎಚ್‌ಡಿಎಂಐ, ಇಎಂಎಂಸಿಗಳಂತಹ ವಿಶೇಷಗಳನ್ನು ಅದರ ಸ್ವಂತ ಡಿಟಿಎಸ್ ಫೈಲು ಹೇಳಿದರೆ ಸಾಕಾಯಿತು. ನಂತರ ಬಂದ ಮಾತು ಹಿಂದಿನ ಮಾತನ್ನು ಮೀರುತ್ತದೆಂಬ ನಿಯಮವಿರುವುದರಿಂದ, ಚಿಪ್ಪಿನ ಫೈಲು ನಿದ್ರೆಯಲ್ಲಿರಿಸಿದ ಘಟಕವನ್ನು ಬೋರ್ಡಿನ ಫೈಲು ಒಂದೇ ಪದದಿಂದ ಎಚ್ಚರಿಸಬಲ್ಲುದು. 2013ರಲ್ಲಿ ಸಿ ಭಾಷೆಯ ಪ್ರೀಪ್ರೊಸೆಸರನ್ನೂ ಬಳಸಲು ಅವಕಾಶವಾಗಿ, ಅರ್ಥವಾಗದ ಅಂಕಿಗಳ ಸ್ಥಾನದಲ್ಲಿ ಹೆಸರುಗಳು ಬಂದು ಬರೆಹವು ಮತ್ತಷ್ಟು ಸುಬೋಧವಾಯಿತು. ಈ ಪದರಗಳ ವಿನ್ಯಾಸವೇ ನಿಜವಾದ ವರ್ಗೀಕರಣವೆಂದೂ, ಡೈರೆಕ್ಟರಿಗಳದು ಅದರ ಹೊರರೂಪವೆಂದೂ ನನ್ನ ಅಭಿಪ್ರಾಯ.

ಹೊರರೂಪವಾದರೋ ಬಹುಕಾಲ ಅಸ್ತವ್ಯಸ್ತವಾಗಿಯೇ ಇತ್ತು. 64 ಬಿಟ್‌ನ ಆರ್ಮ್ ಶಾಖೆಯಲ್ಲಿ ತಯಾರಕರ ಹೆಸರಿನ ಡೈರೆಕ್ಟರಿಗಳು ರೂಢಿಗೆ ಬಂದಿದ್ದರೂ, 32 ಬಿಟ್‌ನ ಶಾಖೆಯಲ್ಲಿ ಬೋರ್ಡುಗಳ ಫೈಲುಗಳೇ 1,500ನ್ನು ಮೀರಿ, ಎಲ್ಲವೂ ಒಂದೇ ಡೈರೆಕ್ಟರಿಯಲ್ಲಿ ತುಂಬಿದ್ದುವು; ಚಿಪ್ಪಿನ ಹೆಸರನ್ನು ಫೈಲಿನ ಹೆಸರಿನ ಆದಿಯಲ್ಲಿರಿಸುವ ಪದ್ಧತಿಯೊಂದೇ ಕಪಾಟಿನ ಕೆಲಸವನ್ನು ಮಾಡುತ್ತಿತ್ತು. ಈ ಫೈಲುಗಳನ್ನೆಲ್ಲ ಕರ್ನೆಲ್ಲಿನಿಂದ ಹೊರಗೆ ಸಾಗಿಸುವ ಯೋಜನೆಯೊಂದಿದ್ದುದರಿಂದ, ಹೇಗೂ ಖಾಲಿಯಾಗಲಿರುವ ಮನೆಯನ್ನು ಓರಣಗೊಳಿಸುವ ಪ್ರಯತ್ನಗಳು ಮೊದಲು ಕುಂಠಿತವಾದುವು. ಆ ಯೋಜನೆ ಹಿಂದೆ ಸರಿದ ಮೇಲೆ, 2023ರಲ್ಲಿ ಹೊರಬಂದ 6.5ನೆಯ ಆವೃತ್ತಿಯಲ್ಲಿ, ರಾಬ್ ಹೆರಿಂಗ್ ಅವರು ಅವನ್ನೆಲ್ಲ ತಯಾರಕರನ್ನನುಸರಿಸಿ ವಿಂಗಡಿಸಿದರು. ಆದರೂ ಕಂಪೈಲಾದ ಫೈಲುಗಳನ್ನು ಅನುಸ್ಥಾಪಿಸುವಾಗ ಹಳೆಯ ಸಮತಲ ಕ್ರಮವನ್ನೇ ಉಳಿಸಿಕೊಂಡರು. ಹೊರಗಿನ ಎಷ್ಟೋ ಬೂಟ್‌ಲೋಡರುಗಳೂ ಸ್ಕ್ರಿಪ್ಟುಗಳೂ ಹಳೆಯ ದಾರಿಯನ್ನೇ ನಂಬಿರುವಾಗ ಇದು ದೂರದೃಷ್ಟಿಯ ನಿರ್ಣಯವೆಂದೇ ಹೇಳಬೇಕು.

'ತಯಾರಕರು' ಎಂದರೆ ಇಲ್ಲಿ ಚಿಪ್ಪಿನ ತಯಾರಕರು, ಬೋರ್ಡಿನವರಲ್ಲ. ಆದುದರಿಂದಲೇ ರಾಸ್‌ಬೆರಿ ಪೈಯನ್ನು ಬ್ರಾಡ್‌ಕಾಮ್‌ನ ಡೈರೆಕ್ಟರಿಯಲ್ಲಿ ಅರಸಬೇಕು. ಬೋರ್ಡುಗಳ ಬಂಧುತ್ವವು ಚಿಪ್ಪಿನ ಮೂಲಕವೇ ಬರುವುದರಿಂದ ಈ ಕ್ರಮ ಯುಕ್ತವಾದುದೇ. ಕಷ್ಟವೊದಗುವುದು ಸಂಸ್ಥೆಗಳೇ ಕೈಬದಲಾಯಿಸಿದಾಗ. ಫ್ರೀಸ್ಕೇಲ್ 2015ರಲ್ಲಿ ಎನ್‌ಎಕ್ಸ್‌ಪಿಯಲ್ಲಿ ವಿಲೀನವಾಯಿತು. ತಡವಾಗಿ ವಿಂಗಡಿಸಲ್ಪಟ್ಟ, ಫ್ರೀಸ್ಕೇಲ್ ಮೂಲದ 32 ಬಿಟ್‌ನ ಐ.ಎಂಎಕ್ಸ್6 ಚಿಪ್ಪು ಎನ್‌ಎಕ್ಸ್‌ಪಿ ಎಂಬ ಹೆಸರಿನ ಡೈರೆಕ್ಟರಿಯನ್ನು ಸೇರಿದರೆ, ಅದೇ ವಂಶದ 64 ಬಿಟ್‌ನ ಐ.ಎಂಎಕ್ಸ್8 ಇಂದಿಗೂ ಫ್ರೀಸ್ಕೇಲ್ ಎಂಬ ಹೆಸರಿನ ಡೈರೆಕ್ಟರಿಯಲ್ಲಿಯೇ ಇದೆ.