ಸೊನ್ನೆಯ ಆಚೆಗಿನ ಸಂಖ್ಯೆಗಳು



3ರಿಂದ 5ನ್ನು ಕಳೆದರೆ ಎಷ್ಟು? ‘ಮೈನಸ್ 2’ ಎಂದು ನೀವು ಥಟ್ಟನೆ ಹೇಳುತ್ತೀರಿ. ಆದರೆ ಈ ಉತ್ತರವನ್ನು ಒಪ್ಪಿಕೊಳ್ಳಲು ದೊಡ್ಡ ದೊಡ್ಡ ಗಣಿತಜ್ಞರೂ ನೂರಾರು ವರ್ಷ ಹಿಂದೆಮುಂದೆ ನೋಡಿದರು ಎಂಬುದು ನಿಮಗೆ ಗೊತ್ತೇ?

ಪ್ರಾಚೀನ ಚೀನಾದಲ್ಲಿ ಕಡ್ಡಿಗಳನ್ನು ಜೋಡಿಸಿ ಲೆಕ್ಕ ಮಾಡುತ್ತಿದ್ದರು. ಕೆಂಪು ಕಡ್ಡಿ ಧನ, ಕಪ್ಪು ಕಡ್ಡಿ ಋಣ ಎಂದು ಕ್ರಿ.ಶ. 263ರಲ್ಲಿ ಲ್ಯೂ ಹುಯಿ ಎಂಬ ಗಣಿತಜ್ಞ ಬರೆದಿದ್ದಾನೆ. ನಮ್ಮ ದೇಶದಲ್ಲಿ ಬ್ರಹ್ಮಗುಪ್ತ ಕ್ರಿ.ಶ. 628ರಲ್ಲಿ ರಚಿಸಿದ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಧನ, ಋಣ ಮತ್ತು ಶೂನ್ಯ ಈ ಮೂರಕ್ಕೂ ಸೇರಿದ ನಿಯಮಗಳನ್ನು ಕೊಟ್ಟನು. ಧನವೆಂದರೆ ಆಸ್ತಿ, ಋಣವೆಂದರೆ ಸಾಲ. ಇಂದಿಗೂ ನಿಮ್ಮ ಕನ್ನಡ ಪಠ್ಯಪುಸ್ತಕದಲ್ಲಿರುವುದು ಇವೇ ಶಬ್ದಗಳು.

ಎರಡು ಋಣಗಳನ್ನು ಕೂಡಿದರೆ ಋಣ. ಸಮನಾದ ಧನ ಋಣಗಳನ್ನು ಕೂಡಿದರೆ ಶೂನ್ಯ. ಇದು ಸುಲಭ. ಆದರೆ ಋಣವನ್ನು ಋಣದಿಂದ ಗುಣಿಸಿದರೆ ಧನ ಹೇಗಾಗುತ್ತದೆ? ಹೀಗೆ ಯೋಚಿಸಿ. ತಲಾ 10 ರೂಪಾಯಿಯ ಎರಡು ಸಾಲಗಳು ನಿಮ್ಮ ಮೇಲಿವೆ. ಸಾಲ ಕೊಟ್ಟವರು ಎರಡನ್ನೂ ಮನ್ನಾ ಮಾಡಿದರು. ಕೈಗೆ ಹಣ ಬಾರದಿದ್ದರೂ ನಿಮ್ಮ ಸ್ಥಿತಿ 20 ರೂಪಾಯಿಯಷ್ಟು ಸುಧಾರಿಸಿತಲ್ಲವೇ? ಸಾಲವನ್ನು ತೆಗೆದುಹಾಕಿದರೆ ಲಾಭವೇ.

ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಬರೆದನು. ಧನದ ವರ್ಗವೂ ಋಣದ ವರ್ಗವೂ ಧನವೇ; ಆದ್ದರಿಂದ ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಆತ ಸ್ಪಷ್ಟವಾಗಿ ಹೇಳಿದನು.

ನಿಯಮವೇನೋ ಸಿದ್ಧವಾಯಿತು, ನಂಬಿಕೆ ಮಾತ್ರ ಬರಲಿಲ್ಲ. ಎರಡನೇ ಭಾಸ್ಕರನ ‘ಬೀಜಗಣಿತ’ದ ಒಂದು ಲೆಕ್ಕ ನೋಡಿ. ಒಂದು ಕಪಿಗಳ ಹಿಂಡು. ಅದರ ಐದನೇ ಒಂದು ಭಾಗದಿಂದ 3 ಕಳೆದು, ಉಳಿದುದನ್ನು ವರ್ಗ ಮಾಡಿದರೆ ಬರುವಷ್ಟು ಕಪಿಗಳು ಗುಹೆಗೆ ಹೋದವು. ಒಂದು ಮಾತ್ರ ಹೊರಗೆ ಕಾಣುತ್ತಿದೆ. ಒಟ್ಟು ಎಷ್ಟು? 50 ಎಂಬುದು ಒಂದು ಉತ್ತರ. 5 ಎಂಬುದೂ ಸರಿಹೊಂದುತ್ತದೆ: 5ರ ಐದನೇ ಒಂದು ಭಾಗ 1; ಅದರಿಂದ 3 ಕಳೆದರೆ ಮೈನಸ್ 2; ಅದರ ವರ್ಗ 4; ಹೊರಗಿನ ಒಂದು ಸೇರಿ 5. ಆದರೂ ಭಾಸ್ಕರನು ಇದನ್ನು ಬಿಟ್ಟುಬಿಟ್ಟನು. ನಡುವೆ ಋಣಸಂಖ್ಯೆ ಬರುವುದರಿಂದ ಜನ ಒಪ್ಪುವುದಿಲ್ಲ ಎಂಬುದೇ ಅವನು ಕೊಟ್ಟ ಕಾರಣ.

ಯೂರೋಪಿನಲ್ಲೂ ಇದೇ ಕಥೆ. 1545ರಲ್ಲಿ ಕಾರ್ಡಾನೋ ಇಂಥ ಉತ್ತರಗಳನ್ನು ‘ಕಲ್ಪಿತ’ ಎಂದನು. ಇಂಗ್ಲೆಂಡಿನ ಜಾನ್ ವಾಲಿಸ್ 1685ರಲ್ಲಿ ಒಂದು ಸರಳ ಚಿತ್ರ ಕೊಟ್ಟನು: ಒಬ್ಬ 5 ಗಜ ಮುಂದೆ ಹೋಗಿ 8 ಗಜ ಹಿಂದೆ ಬಂದರೆ, ಹೊರಟ ಸ್ಥಳಕ್ಕಿಂತ 3 ಗಜ ಹಿಂದಿರುತ್ತಾನೆ. ಅದೇ ಮೈನಸ್ 3. ಇಷ್ಟಾದರೂ 1758ರಲ್ಲಿ ಫ್ರಾನ್ಸಿಸ್ ಮ್ಯಾಸರೆಸ್ ಎಂಬಾತ ಋಣಸಂಖ್ಯೆಗಳನ್ನು ಬೀಜಗಣಿತದಿಂದ ಹೊರಗಿಡಬೇಕೆಂದು ಪುಸ್ತಕವನ್ನೇ ಬರೆದನು!

‘ಏನೂ ಇಲ್ಲ’ ಎಂಬುದಕ್ಕಿಂತ ಕಡಿಮೆ ಹೇಗಿರಲು ಸಾಧ್ಯ ಎಂಬುದೇ ಇವರೆಲ್ಲರ ತೊಡಕು. ವಾಲಿಸನ ಚಿತ್ರದಲ್ಲಿ ಅದಕ್ಕೆ ಉತ್ತರವಿದೆ. ಸೊನ್ನೆಯನ್ನು ಹೊರಟ ಸ್ಥಳವೆಂದು ತಿಳಿಯಿರಿ. ಅಂಕಿ ಎಷ್ಟು ದೂರ ಎಂದು ಹೇಳುತ್ತದೆ, ಚಿಹ್ನೆ ಯಾವ ಕಡೆಗೆ ಎಂದು ಹೇಳುತ್ತದೆ. ಮೈನಸ್ ಚಿಹ್ನೆ ನಿಮ್ಮನ್ನು ತಬ್ಬಿಬ್ಬು ಮಾಡಿದರೆ ನಾಚಬೇಡಿ. ನಿಯಮವನ್ನು ಉರು ಹೊಡೆಯುವ ಮೊದಲು ಕಾಗದದ ಮೇಲೆ ಒಂದು ಗೆರೆ ಎಳೆದು, ನಡುವೆ ಸೊನ್ನೆ ಬರೆದು, ಎರಡೂ ಕಡೆಗೆ ನಡೆದು ನೋಡಿ.