ಹೋಟೆಲ್ ಕಾರ್ಮಿಕರಿಗೆ ಕಿರುಕುಳ: ಕಾನೂನಿನ ನೆರವು ಎಷ್ಟು?

ಬಿಂಡಿಗನವಿಲೆ: ಗರುಡ ದೇವರಿಂದ ಹೆಸರಾದ ಈ ಹೋಬಳಿ ಕೇಂದ್ರವಿರುವ ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸ್ ಮೂಲಕವೇ ಬೆಂಗಳೂರು-ಮಂಗಳೂರು ಹೆದ್ದಾರಿ ಹಾದುಹೋಗುತ್ತದೆ. ಇಂಥ ಹೆದ್ದಾರಿಗಳ ಬದಿಯ ಹೋಟೆಲುಗಳಲ್ಲಿ ಭಟ್ಟರು, ಸಪ್ಲೈಯರ್, ಕ್ಲೀನರುಗಳ ದುಡಿಮೆ ನಸುಕಿಗೇ ಆರಂಭವಾಗುತ್ತದೆ. ಗ್ರಾಹಕರೆದುರು ಬೈಗುಳ, ಒಡೆದ ಲೋಟಕ್ಕೆ ಸಂಬಳ ಕಡಿತ, ರಜೆ ಕೇಳಿದರೆ ಗದರಿಕೆ ಈ ಉದ್ಯಮದ ಸಾಮಾನ್ಯ ಕಿರುಕುಳಗಳು. ಕೆಲಸ ಕಲಿಸುವ ರೀತಿಯೇ ಇದು ಎಂಬ ಮಾಲೀಕರ ಸಮರ್ಥನೆ ಹಳೆಯದು, ಒಪ್ಪತಕ್ಕದ್ದೂ ಅಲ್ಲ.

ಊಟ, ವಸತಿ ಎರಡೂ ಹೋಟೆಲಿನಲ್ಲೇ ಇರುವುದರಿಂದ ನೌಕರನ ಸ್ಥಿತಿ ಇನ್ನಷ್ಟು ಬಿಗಡಾಯಿಸುತ್ತದೆ. ಕೆಲಸ ಬಿಟ್ಟರೆ ಅಂದೇ ರಾತ್ರಿ ತಲೆಯ ಮೇಲಿನ ಸೂರೂ ಹೋಗುತ್ತದೆ. ಆದ್ದರಿಂದಲೇ ದೂರು ಕೊಡುವವರು ವಿರಳ.

ಬೈಗುಳ, ಅವಮಾನಗಳನ್ನೇ ಹೆಸರಿಸಿ ತಡೆಯುವ ಪ್ರತ್ಯೇಕ ಕಾಯ್ದೆ ಭಾರತದಲ್ಲಿಲ್ಲ. ಕೆಲಸದ ಸ್ಥಳದ ಹಿಂಸೆ ಮತ್ತು ಕಿರುಕುಳದ ವಿರುದ್ಧ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲಿ ಅಂಗೀಕರಿಸಿದ 190ನೇ ಒಡಂಬಡಿಕೆಯನ್ನೂ ದೇಶ ಸ್ಥಿರೀಕರಿಸಿಲ್ಲ. 2013ರ ಕಾಯ್ದೆ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳಕ್ಕಷ್ಟೇ ಸೀಮಿತ. ಹತ್ತಕ್ಕಿಂತ ಕಡಿಮೆ ಸಿಬ್ಬಂದಿಯಿರುವ ಹೋಟೆಲಿನ ಪಾತ್ರೆ ತೊಳೆಯುವ ಮಹಿಳೆಯೂ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ದೂರು ಸಲ್ಲಿಸಬಹುದು. ಮಾಲೀಕನೇ ಆರೋಪಿಯಾದರೂ ದೂರು ಅಲ್ಲಿಗೇ. ಪುರುಷ ಸಪ್ಲೈಯರನಿಗೆ ಈ ಬಾಗಿಲು ಮುಚ್ಚಿದೆ.

ಆದರೂ ಅವನು ಸಂಪೂರ್ಣ ನಿರಾಶ್ರಿತನಲ್ಲ. ಹೊಡೆತ, ಬೆದರಿಕೆಗಳು ಭಾರತೀಯ ನ್ಯಾಯ ಸಂಹಿತೆಯಡಿ ಅಪರಾಧ. ಜಾತಿ ಹಿಡಿದು ನಿಂದಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಪರಿಶಿಷ್ಟರ ನೆರವಿಗಿದೆ. ಇನ್ನು ಲೋಟದ ಲೆಕ್ಕ: 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ನೌಕರನ ವಶಕ್ಕೆ ಒಪ್ಪಿಸಿದ ವಸ್ತು ಅವನದೇ ನಿರ್ಲಕ್ಷ್ಯದಿಂದ ಹಾಳಾದರೆ ಮಾತ್ರ ಕಡಿತ ಸಾಧ್ಯ. ಅದಕ್ಕೂ ಮುನ್ನ ವಿವರಣೆಗೆ ಅವಕಾಶ ನೀಡಲೇಬೇಕು. ನಷ್ಟಕ್ಕಿಂತ ಹೆಚ್ಚು ಹಣ ಮುರಿಯುವಂತಿಲ್ಲ.

ಮುಂಗಡದ ವಿಷಯ ಹೆಚ್ಚು ಗಂಭೀರ. ಸಾಲ ತೀರುವವರೆಗೆ ಹೋಗಕೂಡದೆಂದು ತಡೆಹಿಡಿದು ದುಡಿಸುವುದು 1976ರ ಕಾಯ್ದೆಯಡಿ ಜೀತ. ಅಂಥ ಸಾಲವನ್ನು ಕಾನೂನೇ ರದ್ದುಪಡಿಸಿದೆ. ದೂರನ್ನು ತಹಶೀಲ್ದಾರ್ ಇಲ್ಲವೇ ಜಿಲ್ಲಾಧಿಕಾರಿ ಕಚೇರಿಗೆ ಕೊಡಬಹುದು.

ವೇತನದ ತಕರಾರಿಗೆ ಕಾರ್ಮಿಕ ಇಲಾಖೆಯನ್ನೂ ಉಚಿತ ಕಾನೂನು ನೆರವಿಗೆ 15100 ಸಂಖ್ಯೆಯನ್ನೂ ಸಂಪರ್ಕಿಸಬಹುದು. ನಿದ್ದೆಗೆಡುವಷ್ಟು ಮನಸ್ಸು ಕುಗ್ಗಿದವರಿಗೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಆಪ್ತಸಲಹೆ ದೊರೆಯುತ್ತದೆ. ಇದು ಉಚಿತ ಸೇವೆಯಾಗಿದ್ದು, ಹಗಲು ರಾತ್ರಿ ಲಭ್ಯವಿದೆ.