ಬಲೂನ್ ಎಲ್ಲಿಂದ ಬಿಡೋಣ? ಮೊದಲು ಎಲ್ಲಿ ಬೀಳುತ್ತೆ ಅಂತ ನೋಡಿ

ಈ ಸಂಚಿಕೆಯ ಕಥೆ ಶುರುವಾಗೋದು ಒಂದು ಸಣ್ಣ ಪ್ರಶ್ನೆಯಿಂದ.

ಕಾಲೇಜಿನ ಹುಡುಗ ಹುಡುಗಿಯರು ಸೇರಿ ರಬ್ಬರ್ ಬಲೂನಿಗೆ ಕ್ಯಾಮೆರಾ, ಜಿಪಿಎಸ್, ಒಂದೆರಡು ಸೆನ್ಸರ್ ಕಟ್ಟಿ 30 ಕಿ.ಮೀ. ಎತ್ತರಕ್ಕೆ ಕಳಿಸೋ ಪ್ರಾಜೆಕ್ಟ್ ಮಾಡ್ತಾರಲ್ಲ, ಅಲ್ಲಿ ಮೊದಲು ಬರೋ ಪ್ರಶ್ನೆ ಇದು: 'ಎಲ್ಲಿಂದ ಬಿಡೋಣ?' ಕಾಲೇಜ್ ಗ್ರೌಂಡ್ ಇದೆಯಲ್ಲ, ಸಾಲದಾ ಅನ್ನಿಸಬಹುದು. ಆದರೆ ನೂರು ವರ್ಷದ ಹಿಂದೆ ದೊಡ್ಡ ದೊಡ್ಡ ವಿಜ್ಞಾನಿಗಳೂ ಇದೇ ಪ್ರಶ್ನೆಗೆ ತಲೆ ಕೆಡಿಸಿಕೊಂಡಿದ್ದರು. ಅವರು ಕಂಡುಕೊಂಡ ಉತ್ತರಗಳಲ್ಲಿ ಒಂದು ನಮ್ಮ ಬೆಂಗಳೂರು.

ಮೊದಲು 1912ಕ್ಕೆ ಹೋಗೋಣ. ವಿಕ್ಟರ್ ಹೆಸ್ ಅನ್ನೋ ಆಸ್ಟ್ರಿಯಾದ ವಿಜ್ಞಾನಿ ವಿಯೆನ್ನಾದಿಂದ ಬಲೂನಿನಲ್ಲಿ ಮತ್ತೆ ಮತ್ತೆ ಮೇಲೆ ಹೋಗ್ತಿದ್ದರು. ಎತ್ತರಕ್ಕೆ ಹೋದ ಹಾಗೆ ವಿಕಿರಣ ಹೆಚ್ಚಾಗುತ್ತಾ, ಕಡಿಮೆಯಾಗುತ್ತಾ ಅಂತ ಅಳೆಯೋದು ಅವರ ಕೆಲಸ. ಆದರೆ ವಿಯೆನ್ನಾದಲ್ಲಿ ಸಿಗ್ತಿದ್ದದ್ದು ದೀಪ ಉರಿಸೋ ಗ್ಯಾಸ್. ಅದು ಬಲೂನನ್ನ ಬಹಳ ಎತ್ತರಕ್ಕೆ ಎತ್ತೋದಿಲ್ಲ. ಅದಕ್ಕೆ ಹೈಡ್ರೋಜನ್ ಬೇಕು. ಬೊಹೀಮಿಯಾದ ಆಸಿಗ್ ಅನ್ನೋ ಊರಿನಲ್ಲಿ ಕೆಮಿಕಲ್ ಫ್ಯಾಕ್ಟರಿ ಇತ್ತು, ಹೈಡ್ರೋಜನ್ ಸಿಗ್ತಿತ್ತು. ಹಾಗಾಗಿ ಹೆಸ್ ಅಲ್ಲಿಗೇ ಹೋದರು. ಆಗಸ್ಟ್ 7ರ ಬೆಳಿಗ್ಗೆ ಹೊರಟು, 5 ಕಿ.ಮೀ.ಗೂ ಮೇಲೆ ಏರಿ, ಮಧ್ಯಾಹ್ನದ ಹೊತ್ತಿಗೆ ಬರ್ಲಿನ್ ಹತ್ತಿರ ಇಳಿದರು. ವಿಕಿರಣ ಆಕಾಶದಿಂದಲೇ ಬರ್ತಿದೆ ಅಂತ ಗೊತ್ತಾಯ್ತು. ಇವತ್ತು ನಾವು ಕಾಸ್ಮಿಕ್ ಕಿರಣ ಅನ್ನೋದು ಅದನ್ನೇ. ಅದಕ್ಕೆ 1936ರಲ್ಲಿ ನೊಬೆಲ್ ಬಂತು. ಅಂದ್ರೆ ಅವತ್ತು ಜಾಗ ತೀರ್ಮಾನ ಮಾಡಿದ್ದು ಗ್ಯಾಸ್.

ಮುಂದಿನ ಉತ್ತರ ಅಮೆರಿಕದ್ದು. ದೊಡ್ಡ ಬಲೂನಿಗೆ ಅತಿ ಅಪಾಯದ ಹೊತ್ತು ಯಾವುದು ಗೊತ್ತಾ? ಆಕಾಶದಲ್ಲಿ ಇರುವಾಗ ಅಲ್ಲ, ನೆಲದ ಮೇಲೆ ಗ್ಯಾಸ್ ತುಂಬುವಾಗ. ಒಂದು ಜೋರು ಗಾಳಿ ಬೀಸಿದರೂ ಹರಿದುಹೋಗಬಹುದು. ಅದಕ್ಕೇ ಸೌತ್ ಡಕೋಟಾದಲ್ಲಿ ಸುತ್ತಲೂ ಬಂಡೆಗೋಡೆ ಇರೋ ಬಟ್ಟಲಿನಂಥ ತಗ್ಗನ್ನ ಆರಿಸಿಕೊಂಡರು. ಅದರ ಹೆಸರೇ ಸ್ಟ್ರ್ಯಾಟೋಬೌಲ್ ಅಂತ ಆಯ್ತು. 1935ರ ನವೆಂಬರ್ 11ರಂದು ಸ್ಟೀವನ್ಸ್ ಮತ್ತು ಆಂಡರ್ಸನ್ ಅನ್ನೋ ಇಬ್ಬರು ಸೇನಾಧಿಕಾರಿಗಳು ಅಲ್ಲಿಂದ 22 ಕಿ.ಮೀ. ಎತ್ತರಕ್ಕೆ ಹೋಗಿ ಬಂದರು. ಬಂಡೆ ಗಾಳಿಯನ್ನ ತಡೆಯಿತು. ಪೂರ್ವಕ್ಕೆ ತೇಲಿಹೋದರೆ ಇಳಿಯೋಕೆ ವಿಶಾಲವಾದ ಬಯಲೂ ಇತ್ತು.

ಈಗ ಬೆಂಗಳೂರಿಗೆ ಬರೋಣ. ಇಲ್ಲಿ ಜಾಗ ಆರಿಸಿದ್ದು ಗ್ಯಾಸೂ ಅಲ್ಲ, ಬಂಡೆಯೂ ಅಲ್ಲ. ಭೂಮಿಯ ಕಾಂತಕ್ಷೇತ್ರ.

ಕಾಸ್ಮಿಕ್ ಕಿರಣಗಳಲ್ಲಿ ಹೆಚ್ಚಿನವು ವಿದ್ಯುತ್ ಆವೇಶ ಇರೋ ಕಣಗಳು. ಭೂಮಿಯ ಕಾಂತಕ್ಷೇತ್ರ ಅವುಗಳ ದಾರಿ ಬಾಗಿಸುತ್ತೆ. ಧ್ರುವಗಳ ಹತ್ತಿರ ಕಡಿಮೆ ಶಕ್ತಿಯ ಕಣಗಳೂ ಒಳಗೆ ನುಗ್ಗುತ್ತವೆ. ಕಾಂತೀಯ ಸಮಭಾಜಕದ ಹತ್ತಿರ ಭಾರೀ ಶಕ್ತಿ ಇದ್ದವಕ್ಕೆ ಮಾತ್ರ ಪ್ರವೇಶ. ಹಾಗಾದ್ರೆ ಬೇರೆ ಬೇರೆ ಅಕ್ಷಾಂಶದಲ್ಲಿ ಬಲೂನ್ ಬಿಟ್ಟು ಹೋಲಿಸಿದರೆ ಯಾವ ಶಕ್ತಿಯ ಕಣ ಎಷ್ಟಿದೆ ಅಂತ ಲೆಕ್ಕ ಸಿಗುತ್ತೆ. ಇದನ್ನ ಮಾಡೋಕೆ ಅಮೆರಿಕದ ರಾಬರ್ಟ್ ಮಿಲಿಕನ್ ತಮ್ಮ ಸಹೋದ್ಯೋಗಿಗಳಾದ ನೆಹರ್ ಮತ್ತು ಪಿಕರಿಂಗ್ ಜೊತೆ 1939ರ ಕೊನೆಯಲ್ಲಿ ಭಾರತಕ್ಕೆ ಬಂದರು. ಉತ್ತರದಲ್ಲಿ ಪೇಶಾವರ, ನಡುವೆ ಆಗ್ರಾ, ದಕ್ಷಿಣದಲ್ಲಿ ಬೆಂಗಳೂರು. ಬೆಂಗಳೂರಿನ ಕಾಂತೀಯ ಅಕ್ಷಾಂಶ ಆಗ ಬರೀ 3 ಡಿಗ್ರಿ. ಒಂದೇ ದೇಶದೊಳಗೆ ರೈಲಿನಲ್ಲಿ ಓಡಾಡಿ ಇಷ್ಟು ವ್ಯತ್ಯಾಸ ಸಿಗೋ ಜಾಗ ಸುಲಭಕ್ಕೆ ಸಿಗಲ್ಲ. ಈ ಪಿಕರಿಂಗ್ ಯಾರು ಅಂದ್ರೆ, ಮುಂದೆ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ನಿರ್ದೇಶಕರಾಗಿ 1958ರಲ್ಲಿ ಅಮೆರಿಕದ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್ 1ರ ಹಿಂದೆ ಇದ್ದವರು.

ಅದೇ ಹೊತ್ತಿಗೆ ರಜೆಗೆ ಅಂತ ಭಾರತಕ್ಕೆ ಬಂದಿದ್ದ ಹೋಮಿ ಭಾಭಾ ಯುದ್ಧ ಶುರುವಾಗಿ ಇಲ್ಲೇ ಉಳಿದಿದ್ದರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದ್ರೆ ಇವತ್ತಿನ ಐಐಎಸ್‌ಸಿಯಲ್ಲಿ, ಕಾಸ್ಮಿಕ್ ಕಿರಣಗಳ ವಿಭಾಗ ಕಟ್ಟಿದರು. 1945ರಲ್ಲಿ ಟಿಐಎಫ್‌ಆರ್ ಕೂಡ ಅಲ್ಲೇ ಶುರುವಾಗಿ, ಅದೇ ವರ್ಷ ಮುಂಬೈಗೆ ಹೋಯ್ತು.

ಆದರೆ ಟಿಐಎಫ್‌ಆರ್ ತನ್ನ ದೊಡ್ಡ ಪ್ಲಾಸ್ಟಿಕ್ ಬಲೂನ್‌ಗಳಿಗೆ ಮುಂಬೈಯನ್ನ ಆರಿಸಲಿಲ್ಲ. ಯಾಕೆ ಅಂತ ಮ್ಯಾಪ್ ನೋಡಿದರೆ ಗೊತ್ತಾಗುತ್ತೆ. ಪಕ್ಕದಲ್ಲೇ ಸಮುದ್ರ. ನೂರಾರು ಕಿಲೋ ಉಪಕರಣ ನೀರಿಗೆ ಬಿದ್ದರೆ ವರ್ಷಗಳ ಕೆಲಸ ಹೋಯ್ತು. ಹಾಗಾಗಿ ಹೈದರಾಬಾದ್. ಮೊದಮೊದಲು ಉಸ್ಮಾನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ನಿಂದ ಹಾರಿಸ್ತಿದ್ದರು, 1969ರಲ್ಲಿ ಕಾಯಂ ಕೇಂದ್ರವೇ ಆಯ್ತು. ಕಾಂತೀಯ ಸಮಭಾಜಕ ಹತ್ತಿರ, ಸುತ್ತ ದಖ್ಖನ್ನಿನ ಬಯಲು. 2005ರ ಏಪ್ರಿಲ್‌ನಲ್ಲಿ ಅಲ್ಲಿಂದ ಹೋದ ಬಲೂನ್ 41 ಕಿ.ಮೀ. ವರೆಗಿನ ಗಾಳಿಯ ಮಾದರಿ ತಂದಿತು, ಅದರಲ್ಲಿ ಮೂರು ಹೊಸ ಬ್ಯಾಕ್ಟೀರಿಯಾ ಸಿಕ್ಕವು ಅಂತ 2009ರಲ್ಲಿ ಇಸ್ರೋ ಹೇಳಿತು. ಒಂದಕ್ಕೆ ಆರ್ಯಭಟನ ಹೆಸರು ಇಟ್ಟರು.

ಅಲ್ಲಿಂದ ಪಶ್ಚಿಮಕ್ಕೆ ತೇಲಿದರೆ ಸಿಗೋದು ನಮ್ಮ ಬೀದರ್, ಕಲಬುರಗಿ. 2025ರ ಜನವರಿಯಲ್ಲಿ ಹುಮನಾಬಾದ್ ತಾಲ್ಲೂಕಿನ ಜಲಸಂಗಿ ಗ್ರಾಮದಲ್ಲಿ ಅಂಥದ್ದೇ ಒಂದು ಬಲೂನ್ ಬಂದು ಬಿತ್ತು. ಊರವರಿಗೆ ಗಾಬರಿ. ಆಮೇಲೆ ಟಿಐಎಫ್‌ಆರ್‌ದು ಅಂತ ಗೊತ್ತಾಯ್ತು. ಹೈದರಾಬಾದಿನಲ್ಲಿ ಕೂತು 'ಬಯಲು' ಅಂತ ಗುರುತು ಮಾಡಿದ ಜಾಗದಲ್ಲಿ ಮನೆಗಳಿರುತ್ತವೆ, ತೊಗರಿ ಹೊಲ ಇರುತ್ತೆ, ಜನ ಇರ್ತಾರೆ. ಜಾಗ ಹುಡುಕೋರು ಮರೆಯಬಾರದ್ದು ಇದನ್ನೇ.

ಈಗ ನಿಮ್ಮ ಪ್ರಾಜೆಕ್ಟಿಗೆ ಬರೋಣ. ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ವಿದ್ಯಾರ್ಥಿಗಳ ಜೊತೆ ಸೇರಿ ಸಣ್ಣ ಬಲೂನ್ ಹಾರಿಸಿದ್ದು ಹೊಸಕೋಟೆಯ ತಮ್ಮ ಕ್ಯಾಂಪಸ್‌ನಿಂದ. ಲಡಾಖ್‌ನ ಹಾನ್ಲೆ ಟೆಲಿಸ್ಕೋಪನ್ನ ದೂರದಿಂದಲೇ ನಡೆಸೋ ಕ್ಯಾಂಪಸ್ ಅದು. ಹೊಸಕೋಟೆಯನ್ನೇ ಇಟ್ಟುಕೊಂಡು ಒಂದು ಲೆಕ್ಕ ಹಾಕೋಣ.

ಸಣ್ಣ ಬಲೂನ್ ಸೆಕೆಂಡಿಗೆ ಸುಮಾರು 5 ಮೀಟರ್ ಏರುತ್ತೆ. 30 ಕಿ.ಮೀ.ಗೆ 100 ನಿಮಿಷ. ಅಲ್ಲಿ ಗಾಳಿಯ ಒತ್ತಡ ನೆಲದ ನೂರನೇ ಒಂದು ಭಾಗ, ಬಲೂನ್ ಉಬ್ಬಿ ಉಬ್ಬಿ ಒಡೆಯುತ್ತೆ, ಪೆಟ್ಟಿಗೆ ಪ್ಯಾರಾಚೂಟಿನಲ್ಲಿ ಇಳಿಯುತ್ತೆ. ಮಳೆಗಾಲದಲ್ಲಿ ಬಿಟ್ಟಿರಿ ಅಂದುಕೊಳ್ಳಿ. ಕೆಳಗಿನ ಗಾಳಿ ಕೋಲಾರದ ಕಡೆ ತಳ್ಳುತ್ತೆ. ಮೇಲೆ ಹೋದರೆ ಪೂರ್ವದಿಂದ ಪಶ್ಚಿಮಕ್ಕೆ ಬೀಸೋ ಜೆಟ್ ಪ್ರವಾಹ ಇದೆ. ಪಿ. ಕೋಟೇಶ್ವರಂ ಅನ್ನೋ ನಮ್ಮ ಹವಾಮಾನ ವಿಜ್ಞಾನಿ 1958ರಲ್ಲಿ ಅದನ್ನ ವಿವರಿಸಿದರು. ಅದರ ವೇಗ ಗಂಟೆಗೆ 100 ಕಿ.ಮೀ. ಅಂತ ಇಟ್ಟುಕೊಂಡರೂ, 12ರಿಂದ 18 ಕಿ.ಮೀ. ಎತ್ತರ ದಾಟೋ 20 ನಿಮಿಷದಲ್ಲಿ ಬಲೂನ್ 33 ಕಿ.ಮೀ. ಪಶ್ಚಿಮಕ್ಕೆ ಹೋಗಿರುತ್ತೆ. ಹೊಸಕೋಟೆಯ ಪಶ್ಚಿಮಕ್ಕೆ ಏನಿದೆ? ಇಡೀ ಬೆಂಗಳೂರು! ಮಳೆಗಾಲ ಮುಗಿದ ಮೇಲೆ ಆ ಪ್ರವಾಹ ಇರೋದಿಲ್ಲ. ಜಾಗ ಅದೇ, ತಿಂಗಳು ಬದಲಾದರೆ ಕಥೆಯೇ ಬೇರೆ.

ಹಾಗಾಗಿ ನನ್ನ ಪ್ರಕಾರ ಕೆಲಸ ಉಲ್ಟಾ ಶುರುವಾಗಬೇಕು. ಪೆಟ್ಟಿಗೆ ಎಲ್ಲಿ ಬೀಳಬಹುದು ಅಂತ ಮೊದಲು ಗುರುತು ಮಾಡಿ. ಕೆರೆ, ಹೈವೇ, ಹೈಟೆನ್ಷನ್ ಲೈನ್, ಊರು ಬಿಟ್ಟು ಹುಡುಕಿ. ಅಲ್ಲಿಂದ ಗಾಳಿಯ ಲೆಕ್ಕ ಹಿಡಿದು ಹಿಂದಕ್ಕೆ ಬನ್ನಿ. ಆ ಲೆಕ್ಕಕ್ಕೆ ಬೇಕಾದ ಗಾಳಿಯ ವೇಗ, ದಿಕ್ಕನ್ನ ಹವಾಮಾನ ಇಲಾಖೆ ಬೆಂಗಳೂರಿನಿಂದ ತಾನೇ ಬಲೂನ್ ಬಿಟ್ಟು ಅಳೆಯುತ್ತೆ. ಆಮೇಲೆ ವಿಮಾನ ಸಂಚಾರ ನಿಯಂತ್ರಣದವರ ಅನುಮತಿ. ಅದು ಸಿಗದೆ ಬಲೂನ್ ಮೇಲೆ ಹೋಗಬಾರದು. ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ 'ಇದು ಅಪಾಯಕಾರಿ ಅಲ್ಲ, ಈ ನಂಬರಿಗೆ ಫೋನ್ ಮಾಡಿ' ಅಂತ ಬರೆಯಿರಿ. ಗಡಿಯಾಚೆ ಬೀಳಬಹುದು ಅನ್ನಿಸಿದರೆ ತೆಲುಗು, ತಮಿಳಿನಲ್ಲೂ ಬರೆಯಿರಿ.

1940ರಲ್ಲಿ ಬೆಂಗಳೂರಿನ ಆಕಾಶ ಹೆಚ್ಚುಕಡಿಮೆ ಖಾಲಿ. ಇವತ್ತು ದೇವನಹಳ್ಳಿ, ಎಚ್‌ಎಎಲ್, ಯಲಹಂಕ, ಜಕ್ಕೂರು ಅಂತ ನಾಲ್ಕು ಕಡೆ ವಿಮಾನಗಳು. ಕೆಳಗೆ ಹೊಸಕೋಟೆ ದಾಟಿದರೂ ಲೇಔಟ್. ಕಾಂತಕ್ಷೇತ್ರ ಹೆಚ್ಚೇನೂ ಬದಲಾಗಿಲ್ಲ, ಊರು ಬದಲಾಗಿದೆ. ಬಲೂನ್ ಬಿಡೋ ಹುಡುಗರು ಇನ್ನೂ ದೂರ ಹೋಗಬೇಕಾಗುತ್ತೆ, ಮುಂದಿನ ಬ್ಯಾಚ್‌ನವರು ಅದಕ್ಕಿಂತ ದೂರ. ಎಲ್ಲಾ ಜಿಲ್ಲೆಯ ಕಾಲೇಜುಗಳೂ ಸೇರಿ ಬಳಸೋ ಹಾಗೆ, ಅನುಮತಿಯ ದಾರಿ ಮೊದಲೇ ಗೊತ್ತಿರೋ ಒಂದು ಜಾಗ ಬಯಲುಸೀಮೆಯಲ್ಲಿ ಇದ್ದರೆ ಎಷ್ಟು ಚೆನ್ನ ಅಲ್ವಾ?

ನಿಮ್ಮ ಊರಿನ ಸುತ್ತ ಅಂಥ ಬಯಲು ಇದ್ದರೆ ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.